ಯುರೋಪಿನ ಟೇಕಾಫ್ ಸ್ಲಾಟ್ ಸೇವೆ: ಲೆಕ್ಕ ಗಟ್ಟಿ, ಸುದ್ದಿ ಮುಟ್ಟುವುದೇ ತೊಡಕು

ಬಾಗಿಲು ಹಾಕಿದೆ, ಸಾಮಾನು ತುಂಬಿದೆ, ಹೊರಗೆ ಒಳ್ಳೆಯ ಬಿಸಿಲಿದೆ. ಆದರೂ ವಿಮಾನ ಕದಲುವುದಿಲ್ಲ. "ನಮ್ಮ ಸ್ಲಾಟ್‌ಗೆ ಇನ್ನೂ 40 ನಿಮಿಷ ಇದೆ, ದಯವಿಟ್ಟು ಕುಳಿತೇ ಇರಿ" ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳುತ್ತಾರೆ. ಬೇಸಿಗೆಯಲ್ಲಿ ಯುರೋಪಿನೊಳಗೆ ಓಡಾಡಿದವರಿಗೆ ಈ ಮಾತು ಹೊಸದಲ್ಲ. ಅದೇ ಹೊತ್ತಿಗೆ ಕಾಕ್‌ಪಿಟ್ಟಿಗೂ ನಿಲ್ದಾಣದ ಕಂಟ್ರೋಲ್ ಟವರಿಗೂ ನಡುವೆ ನಡೆಯುವ ಮಾತುಕತೆ ಮಾತ್ರ ಪ್ರಯಾಣಿಕರಿಗೆ ಕೇಳಿಸುವುದಿಲ್ಲ. ಎಷ್ಟೋ ಸಲ ಅಲ್ಲಿ ಇಬ್ಬರೂ ಒಂದೇ ಪದ ಆಡುತ್ತಿರುತ್ತಾರೆ, ಇಬ್ಬರ ಮನಸ್ಸಿನಲ್ಲಿರುವ ಅರ್ಥ ಬೇರೆಬೇರೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಬ್ರಸೆಲ್ಸ್‌ನ ಹಾರೆನ್‌ನಿಂದ ಯುರೋಪಿನ ವಾಯುಸಂಚಾರ ಸಂಸ್ಥೆ ಯೂರೋಕಂಟ್ರೋಲ್‌ನ ನೆಟ್‌ವರ್ಕ್ ಮ್ಯಾನೇಜರ್ ವಿಭಾಗ ಕೊಡುವ ನಿರ್ಗಮನ ಸ್ಲಾಟ್ ಸೇವೆ, ಅಂದರೆ ವಿಮಾನಕ್ಕೆ ನೆಲ ಬಿಡುವ ಸಮಯ ಗೊತ್ತುಮಾಡುವ ಸೇವೆ. ಮುಂಚೆ ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ಮ್ಯಾಡ್ರಿಡ್, ರೋಮ್ ತಂತಮ್ಮ ಪಾಲಿನ ಆಕಾಶಕ್ಕೆ ತಂತಮ್ಮ ಲೆಕ್ಕ ಹಾಕುತ್ತಿದ್ದವು. ಒಂದೇ ವಿಮಾನಕ್ಕೆ ಎರಡು ಕಡೆಯಿಂದ ಎರಡು ಸಮಯ ಬರುವ ಕಾಲ ಅದು. 1996ರ ಹೊತ್ತಿಗೆ ಆ ಕೆಲಸವೆಲ್ಲ ಒಂದೇ ಕೇಂದ್ರಕ್ಕೆ ಬಂತು. ಇವತ್ತು ಬೇಸಿಗೆಯ ದಿನಗಳಲ್ಲಿ 30 ಸಾವಿರ ದಾಟುವ ವಿಮಾನಗಳ ಸಾಲನ್ನು ಅದೊಂದೇ ಕೇಂದ್ರ ನೋಡಿಕೊಳ್ಳುತ್ತದೆ. ಅಂಕ ಕೊಡುವುದಾದರೆ ಲೆಕ್ಕ ಹಾಕುವ ಯಂತ್ರಕ್ಕೆ 10ಕ್ಕೆ 9, ಸಂದೇಶದ ಭಾಷೆಗೆ 5, ಆ ಸಂದೇಶವನ್ನು ಪೈಲಟ್ ಕೈಗೆ ಮುಟ್ಟಿಸುವ ವ್ಯವಸ್ಥೆಗೆ 4. ಪೈಲಟ್‌ಗೂ ಕಂಟ್ರೋಲರ್‌ಗೂ ಆಗುವ ಜಗಳಗಳ ಬೇರು ಆ ಕೊನೆಯ ಅಂಕದಲ್ಲಿದೆ.

ಗೊಂದಲ "ಸ್ಲಾಟ್" ಅನ್ನುವ ಪದದಿಂದಲೇ ಶುರು. ವಿಮಾನಯಾನ ಕಂಪನಿಗಳ ವೇಳಾಪಟ್ಟಿ ವಿಭಾಗಕ್ಕೆ ಸ್ಲಾಟ್ ಎಂದರೆ ದಟ್ಟಣೆಯ ವಿಮಾನ ನಿಲ್ದಾಣದಲ್ಲಿ ಇಡೀ ಋತುವಿಗೆ ಸಿಕ್ಕ ಜಾಗ, ಅಂದರೆ ಪ್ರತಿ ಮಂಗಳವಾರ 10 ಗಂಟೆಗೆ ಇಳಿಯುವ ಹಕ್ಕು. ಹೀಥ್ರೋದಲ್ಲಿ ಕೋಟಿಗಟ್ಟಲೆ ಬೆಲೆಗೆ ಕೈಬದಲಾಗುವುದು ಇದು. ಈ ಬರಹದ ಸ್ಲಾಟ್ ಅದಲ್ಲ. ಇದು ಇವತ್ತಿನ ಈ ಒಂದು ಹಾರಾಟಕ್ಕೆ ಮಾತ್ರ ಕೊಟ್ಟ ಟೇಕಾಫ್ ಸಮಯ. ಇದರ ಹೆಸರು ಸಿಟಿಒಟಿ, ಬಾಯಿಮಾತಿನಲ್ಲಿ ಸಿಟಾಟ್. ದಾರಿಯಲ್ಲಿರುವ ಯಾವುದೋ ಸೆಕ್ಟರ್ (ಕಂಟ್ರೋಲರ್‌ಗಳು ಹಂಚಿಕೊಂಡ ಆಕಾಶದ ಒಂದು ತುಂಡು) ಅಥವಾ ಇಳಿಯುವ ನಿಲ್ದಾಣ ಗಂಟೆಗೆ ಇಷ್ಟೇ ವಿಮಾನ ತೆಗೆದುಕೊಳ್ಳಬಲ್ಲೆ ಎಂದಾಗ ಅಲ್ಲಿ ರೆಗ್ಯುಲೇಶನ್ ಬೀಳುತ್ತದೆ, ಅದರೊಳಗೆ ಹಾದುಹೋಗುವ ಪ್ರತಿ ವಿಮಾನಕ್ಕೂ ಸಿಟಾಟ್ ಬರುತ್ತದೆ. ಆಕಾಶದಲ್ಲಿ ಸುತ್ತಿ ಇಂಧನ ಸುಡುವುದಕ್ಕಿಂತ ನೆಲದಲ್ಲಿ ಕಾಯುವುದು ಮೇಲು ಎಂಬುದು ಇದರ ಹಿಂದಿನ ತರ್ಕ, ಅದು ಸರಿಯೂ ಹೌದು.

ಈ ಸಮಯ ಹೊತ್ತು ತರುವ ಸಂದೇಶಕ್ಕೆ ಸ್ಯಾಮ್ ಎನ್ನುತ್ತಾರೆ. ಸ್ಟ್ಯಾಂಡ್ (ವಿಮಾನ ನಿಲ್ಲಿಸಿದ ಜಾಗ) ಬಿಡುವ ಅಂದಾಜು ಸಮಯಕ್ಕೆ, ಅಂದರೆ ಇಒಬಿಟಿಗೆ, ಎರಡು ಗಂಟೆ ಮುಂಚೆ ಕಂಪನಿಗೂ ನಿರ್ಗಮನ ಟವರಿಗೂ ಅದು ಹೋಗುತ್ತದೆ. ಅದರಲ್ಲಿ ಕಣ್ಣಿಡಬೇಕಾದ ಸಾಲುಗಳು ಇಷ್ಟು:

ಇಒಬಿಟಿ 0945
ಸಿಟಿಒಟಿ 1030
ಟ್ಯಾಕ್ಸಿಟೈಮ್ 0020
ರೆಗ್‌ಕಾಸ್ ಸಿಇ 81

ಓದುವ ಕ್ರಮ ಹೀಗೆ. ಸ್ಟ್ಯಾಂಡ್ ಬಿಡಬೇಕಿದ್ದುದು 0945ಕ್ಕೆ, ರನ್‌ವೇ ತಲುಪಲು 20 ನಿಮಿಷ, ಹಾಗಾಗಿ ತಡೆ ಇಲ್ಲದಿದ್ದರೆ 1005ಕ್ಕೆ ಟೇಕಾಫ್. ಕೊಟ್ಟಿರುವುದು 1030. ತಡ 25 ನಿಮಿಷ. 0945ರಿಂದ 1030ಕ್ಕೆ 45 ನಿಮಿಷ ಎಂದು ಎಣಿಸುವುದು ತಪ್ಪು, ಆದರೆ ಎಣಿಸುವವರು ಬೇಕಾದಷ್ಟು ಜನ. 1030 ಎಂಬುದು ಚಕ್ರ ನೆಲ ಬಿಡುವ ಸಮಯವೇ ಹೊರತು ಸ್ಟ್ಯಾಂಡಿನಿಂದ ಹಿಂದೆ ಸರಿಯುವ ಪುಷ್‌ಬ್ಯಾಕ್ ಸಮಯ ಅಲ್ಲ. 1030ಕ್ಕೆ ಟಗ್ (ವಿಮಾನವನ್ನು ಹಿಂದೆ ತಳ್ಳುವ ಗಾಡಿ) ಜೋಡಿಸಿ ಎಂದು ಕೇಳಿದ ವಿಮಾನ 1050ಕ್ಕೆ ರನ್‌ವೇ ಮುಟ್ಟುತ್ತದೆ, ಅಷ್ಟರಲ್ಲಿ ಸ್ಲಾಟ್ ಸತ್ತಿರುತ್ತದೆ. ಸಹಿಷ್ಣುತೆ ಸಿಟಾಟ್‌ಗಿಂತ 5 ನಿಮಿಷ ಮುಂಚಿನಿಂದ 10 ನಿಮಿಷ ಆಮೇಲಿನವರೆಗೆ. ಈ ಉದಾಹರಣೆಯಲ್ಲಿ 1025ರಿಂದ 1040. ಅಂದರೆ 20 ನಿಮಿಷ ಟ್ಯಾಕ್ಸಿ ಇರುವಾಗ ಸ್ಟ್ಯಾಂಡ್ ಬಿಡಬೇಕಾದ ಹೊತ್ತು 1005ರಿಂದ 1020.

ಆ ಕೊನೆಯ 10 ನಿಮಿಷ ಯಾರದ್ದು ಎಂಬುದೇ ದೊಡ್ಡ ತಪ್ಪುತಿಳಿವಳಿಕೆ. ಪೈಲಟ್ ಅದನ್ನು ತನ್ನದೆಂದುಕೊಳ್ಳುತ್ತಾನೆ: ಇನ್ನೆರಡು ಚೀಲ ಬರಲಿ, ವೀಲ್‌ಚೇರ್ ಬರಲಿ, ಹತ್ತು ನಿಮಿಷ ಇದೆಯಲ್ಲ ಎಂದು. ಟವರಿನವರು ಅದನ್ನು ತಮ್ಮದೆಂದು ತಿಳಿಯುತ್ತಾರೆ, ಯಾಕೆಂದರೆ ಆ ಸಮಯದ ಕಿಟಕಿ, ಅಂದರೆ ಹಿಂದೆಮುಂದಿನ ಅವಕಾಶ, ಇರುವುದೇ ರನ್‌ವೇ ಸಾಲನ್ನು ಜೋಡಿಸಲು: ಮುಂದೆ ದೊಡ್ಡ ವಿಮಾನ ಎದ್ದರೆ ಅದರ ಗಾಳಿಸುಳಿ ಅಡಗುವ ತನಕ ಹಿಂದಿನದನ್ನು ತಡೆಯಬೇಕು, ನಡುವೆ ಒಂದು ಇಳಿಯಬೇಕು. ಈ ವಿಷಯದಲ್ಲಿ ಟವರಿನವರ ಮಾತೇ ಸರಿ. ಪೈಲಟ್ ಗುರಿ ಇಡಬೇಕಾದುದು ಸಿಟಾಟ್‌ಗೇ, ಪ್ಲಸ್ 10ಕ್ಕಲ್ಲ. ಕಂಪನಿಗಳ ಕೈಪಿಡಿಗಳು ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಅರ್ಧ ತಲೆನೋವು ಹೋಗುತ್ತದೆ.

ಸಂದೇಶದ ಕೊನೆಯ ಸಾಲನ್ನು ಜನ ಓದದೇ ಬಿಡುತ್ತಾರೆ. ಓದಬೇಕು. ಮೊದಲ ಅಕ್ಷರ ಕಾರಣ: ಸಿ ಎಂದರೆ ಕಂಟ್ರೋಲ್ ಸಾಮರ್ಥ್ಯ ಸಾಲದು, ಎಸ್ ಎಂದರೆ ಸಿಬ್ಬಂದಿ ಕೊರತೆ, ಡಬ್ಲ್ಯು ಎಂದರೆ ಹವಾಮಾನ, ಐ ಎಂದರೆ ಮುಷ್ಕರ, ಜಿ ಎಂದರೆ ನಿಲ್ದಾಣದ ಸಾಮರ್ಥ್ಯ. ಎರಡನೆಯ ಅಕ್ಷರ ಜಾಗ: ಡಿ ಹೊರಡುವಲ್ಲಿ, ಇ ದಾರಿಯಲ್ಲಿ, ಎ ಇಳಿಯುವಲ್ಲಿ. ಅಂಕಿ ವಿಳಂಬದ ಸಂಕೇತ: 81 ದಾರಿಯ ಸಾಮರ್ಥ್ಯಕ್ಕೆ, 82 ದಾರಿಯ ಕೇಂದ್ರದ ಸಿಬ್ಬಂದಿ ಅಥವಾ ಉಪಕರಣಕ್ಕೆ, 83 ಇಳಿಯುವ ನಿಲ್ದಾಣದ ನಿರ್ಬಂಧಕ್ಕೆ, 84 ಅಲ್ಲಿನ ಹವಾಮಾನಕ್ಕೆ. ಇದು ಗೊತ್ತಿದ್ದರೆ ಏನು ಮಾಡಬಹುದು ಎಂಬುದೂ ಗೊತ್ತಾಗುತ್ತದೆ. ಸಿಇ 81 ಬಂದರೆ ಕಂಪನಿಯಲ್ಲಿ ಹಾರಾಟ ಯೋಜಿಸುವ ಡಿಸ್ಪ್ಯಾಚರ್ ಬೇರೆ ದಾರಿ ಹುಡುಕಬಹುದು, ಅಥವಾ ಕೆಳಗಿನ ಮಟ್ಟದಲ್ಲಿ ಹಾರಿ ಆ ಸೆಕ್ಟರನ್ನೇ ತಪ್ಪಿಸಬಹುದು. ಕಾರ್ಲ್ಸ್‌ರೂಎ, ಮಾರ್ಸೇ, ರೀಮ್ಸ್ ಕೇಂದ್ರಗಳ ಮೇಲಿನ ಆಕಾಶ ತುಂಬಿದಾಗ ಇದು ನಿಜಕ್ಕೂ ಕೆಲಸ ಮಾಡುತ್ತದೆ, ಇಂಧನ ಸ್ವಲ್ಪ ಹೆಚ್ಚು ಬೇಕು ಅಷ್ಟೇ. ಡಬ್ಲ್ಯುಎ 84 ಬಂದರೆ ಯಾವ ದಾರಿಯಲ್ಲಿ ಹೋದರೂ ಇಳಿಯುವುದು ಅಲ್ಲೇ, ದಾರಿ ಬದಲಿಸಿ ಪ್ರಯೋಜನವಿಲ್ಲ. ಇಷ್ಟಾಗಿಯೂ ಹವಾಮಾನದ ಸ್ಲಾಟ್‌ಗೆ ಹೊಸ ದಾರಿ ಕೊಡಿ ಎಂದು ಟವರನ್ನು ಪೀಡಿಸುವ ಕರೆಗಳು ನಿಂತಿಲ್ಲ.

ಸ್ಲಾಟ್ ಹಂಚುವುದು ಕಾಸಾ ಎಂಬ ಗಣಕ ವ್ಯವಸ್ಥೆ. ಗಂಟೆಗೆ 30 ವಿಮಾನ ಎಂದು ಮಿತಿ ಹಾಕಿದರೆ ಎರಡೆರಡು ನಿಮಿಷಕ್ಕೊಂದು ಜಾಗದ ಪಟ್ಟಿ ತಯಾರಾಗುತ್ತದೆ. ತಡೆಯೇ ಇಲ್ಲದಿದ್ದರೆ ಆ ಇಕ್ಕಟ್ಟಿನ ಜಾಗವನ್ನು ಯಾರು ಮೊದಲು ದಾಟುತ್ತಿದ್ದರೋ ಅವರಿಗೆ ಮೊದಲ ಜಾಗ. ಯಾರು ಮೊದಲು ರೆಡಿ ಎಂದರು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಕಂಪನಿ ದೊಡ್ಡದೋ ಚಿಕ್ಕದೋ ಎಂಬುದಕ್ಕೂ ಇಲ್ಲ. ಈ ನ್ಯಾಯ ನಮಗೆ ಬಹಳ ಮೆಚ್ಚುಗೆಯಾದ ಅಂಶ. ಪಕ್ಕದ ಸ್ಟ್ಯಾಂಡಿನ ವಿಮಾನ ಅದೇ ಊರಿಗೆ ಹೊರಟಿದೆ, ಅದಕ್ಕೆ ಸ್ಲಾಟೇ ಇಲ್ಲ, ನಮಗೆ ಮಾತ್ರ ಯಾಕೆ ಎಂದು ಪೈಲಟ್ ಟವರನ್ನು ಕೇಳುತ್ತಾನೆ. ಉತ್ತರ ಸರಳ: ಅದರ ದಾರಿಯೋ ಹಾರುವ ಮಟ್ಟವೋ ಬೇರೆ, ಅದು ಆ ಸೆಕ್ಟರಿಗೆ ಕಾಲಿಡುವುದಿಲ್ಲ. ಆದರೆ ಟವರಿನ ಕಂಟ್ರೋಲರ್ ಮುಂದೆ ಪಕ್ಕದ ವಿಮಾನದ ಪೂರ್ತಿ ದಾರಿಯ ಲೆಕ್ಕ ಇರುವುದಿಲ್ಲ, ಅವರು "ಗೊತ್ತಿಲ್ಲ" ಎನ್ನುತ್ತಾರೆ. ಅದು ಪೈಲಟ್‌ಗೆ ಅಸಡ್ಡೆಯಾಗಿ ಕೇಳಿಸುತ್ತದೆ.

ಆದರೆ ಫ್ಲೈಟ್ ಪ್ಲಾನ್, ಅಂದರೆ ಹಾರಾಟದ ದಾರಿ ಮತ್ತು ಸಮಯದ ವಿವರ, ತಡವಾಗಿ ಸಲ್ಲಿಸಿದವರಿಗೆ ಉಳಿದದ್ದಷ್ಟೇ ಸಿಗುತ್ತದೆ. ಇಒಬಿಟಿಗೆ ಕನಿಷ್ಠ 3 ಗಂಟೆ ಮುಂಚೆ ಪ್ಲಾನ್ ಒಳಗಿರಬೇಕು.

ಇನ್ನು ಟವರ್. ಪೈಲಟ್ ಮಾತಾಡುವುದು ಟವರಿನೊಂದಿಗೆ, ಸ್ಲಾಟ್ ಕೊಡುವುದು ಬ್ರಸೆಲ್ಸ್. ಪೈಲಟ್ ಕಣ್ಣಿಗೆ ಅದೆಲ್ಲ ಒಂದೇ "ಕಂಟ್ರೋಲ್". "ಸ್ವಲ್ಪ ಮುಂಚೆ ಬಿಡೋಕೆ ಆಗುತ್ತಾ?" ಎಂದು ಕೇಳಿದರೆ ಟವರಿನ ಕೈಯಲ್ಲಿರುವುದು ಮೂರೇ ಮೂರು. ಒಂದು, ಸಿದ್ಧವಾಗಿದೆ ಎಂಬ ರೆಡಿ ಸಂದೇಶ ಕಳಿಸುವುದು. ಎರಡು, ಸ್ಲಾಟ್ ಮುಗಿಯುವುದಕ್ಕೆ ಮುಂಚೆ ಫೋನ್ ಮಾಡಿ ಕೆಲವು ನಿಮಿಷ ಎಳೆಸಲು ಕೇಳುವುದು. ಮೂರು, ಕಿಟಕಿಯೊಳಗೆ ರನ್‌ವೇ ಸಾಲಿನಲ್ಲಿ ಮುಂದೆ ಹಾಕುವುದು. ಇದರಾಚೆ ಅವರು ಏನೂ ಮಾಡಲಾರರು. 2010ರಲ್ಲಿ ಯುರೋಪಿಯನ್ ಒಕ್ಕೂಟ ತಂದ 255ನೇ ನಿಯಮ, ಅಮಾನತಾದ ಫ್ಲೈಟ್ ಪ್ಲಾನಿಗೆ ಟೇಕಾಫ್ ಅನುಮತಿ ಕೊಡಕೂಡದು ಎಂದು ಹೊಣೆಯನ್ನು ಟವರಿನ ಮೇಲೆಯೇ ಹೊರಿಸಿತು. ವರ್ಷವಿಡೀ ಲೆಕ್ಕ ಹಾಕಿದಾಗ ಒಂದು ನಿಲ್ದಾಣದ ಸ್ಲಾಟ್ ಪಾಲನೆ ಶೇ. 80 ಅಥವಾ ಅದಕ್ಕೂ ಕೆಳಗಿದ್ದರೆ ಕಾರಣ ಕೊಡಬೇಕೆಂದೂ ವಿಧಿಸಿತು. ಸ್ಲಾಟ್ ಮುಗಿದ ವಿಮಾನವನ್ನು "ಎರಡೇ ನಿಮಿಷ ತಾನೇ" ಎಂದು ಬಿಡಲು ಕಂಟ್ರೋಲರ್ ಒಪ್ಪದಿರುವುದಕ್ಕೆ ಹಿನ್ನೆಲೆ ಇದು. ಅದನ್ನು ಹಟ ಎಂದುಕೊಳ್ಳಬಾರದು.

ರೆಡಿ ಎಂಬ ಪದವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಜಗಳ ಹೆಚ್ಚು ಹುಟ್ಟುವುದು ಇಲ್ಲೇ. ಟವರಿಗೆ ರೆಡಿ ಎಂದರೆ ಬಾಗಿಲುಗಳೆಲ್ಲ ಮುಚ್ಚಿವೆ, ಸರಕು ಬಾಗಿಲೂ ಸೇರಿ. ಏರೋಬ್ರಿಡ್ಜ್ ಹಿಂದೆ ಸರಿದಿದೆ. ಟಗ್ ಜೋಡಿಸಿ ಚಾಲಕ ಕೂತಿದ್ದಾನೆ. ಈ ಕ್ಷಣ ಅನುಮತಿ ಕೊಟ್ಟರೆ ಈ ಕ್ಷಣ ಹಿಂದೆ ಸರಿಯುತ್ತದೆ. ಪೈಲಟ್‌ನ ರೆಡಿ ಇದಕ್ಕಿಂತ ಸಡಿಲ. ಪ್ರಯಾಣಿಕರು ಹತ್ತಿದ್ದಾರೆ, ತೂಕದ ಲೆಕ್ಕದ ಲೋಡ್‌ಶೀಟ್ ಇನ್ನೇನು ಬರುತ್ತದೆ, ಟಗ್ ಎರಡು ನಿಮಿಷದಲ್ಲಿ ಬರುತ್ತದೆ ಅಂದಿದ್ದಾರೆ, ಹಾಗಾಗಿ ರೆಡಿ. ಆ ಸಡಿಲ ರೆಡಿ ನಂಬಿ ಟವರ್ ಸಂದೇಶ ಕಳಿಸುತ್ತದೆ. ಎಲ್ಲೋ ಒಬ್ಬರು ಪ್ಲಾನ್ ರದ್ದು ಮಾಡಿದ್ದರಿಂದ ಖಾಲಿಯಾದ ಜಾಗ ಈ ವಿಮಾನಕ್ಕೆ ಬರುತ್ತದೆ: ಹೊಸ ಸಿಟಾಟ್ 1012. 20 ನಿಮಿಷ ಟ್ಯಾಕ್ಸಿ, ಕಿಟಕಿಯ ಕೊನೆ 1022, ಅಂದರೆ ತಡವೆಂದರೂ 1002ಕ್ಕೆ ಸ್ಟ್ಯಾಂಡ್ ಬಿಡಬೇಕು. ಟಗ್ ಬಂದದ್ದು 1006ಕ್ಕೆ. 1030ರ ಹಳೆಯ ಜಾಗ ಆಗಲೇ ಇನ್ನೊಬ್ಬರ ಪಾಲಾಗಿದೆ. ಈಗ ಸಿಗುವುದು 1055 ಆದರೂ ಆಗಬಹುದು. ಮುಂಚಿತ ಸ್ಲಾಟ್ ಕೇಳಿ ಪಡೆದು ಕಳೆದುಕೊಂಡವರ ಸ್ಥಿತಿ ಕೇಳದೇ ಸುಮ್ಮನಿದ್ದವರಿಗಿಂತ ಕೆಟ್ಟದ್ದಾಗುತ್ತದೆ. ಇದನ್ನು ಪೈಲಟ್‌ಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದು ನಮ್ಮ ತಕರಾರು.

ರೆಡಿ ಸಂದೇಶದಲ್ಲಿ ಟವರಿನವರು ಇನ್ನೊಂದು ಅಂಕಿ ಸೇರಿಸಬಹುದು: ನಿಂತ ಜಾಗದಿಂದ ರನ್‌ವೇ ಮೇಲೆ ಸಾಲಿಗೆ ಬರಲು ಕನಿಷ್ಠ ಎಷ್ಟು ನಿಮಿಷ ಬೇಕು ಎಂಬುದು. ಇದು ಬಹಳ ಉಪಯುಕ್ತ. ಸ್ಟ್ಯಾಂಡ್ ರನ್‌ವೇ ಪಕ್ಕದಲ್ಲೇ ಇದ್ದರೆ ಪ್ರಮಾಣಿತ 20 ನಿಮಿಷದ ಬದಲು 8 ಎಂದು ಹಾಕಬಹುದು, ಆಗ ತೀರಾ ಹತ್ತಿರದ ಖಾಲಿ ಜಾಗವೂ ಕೈಗೆಟುಕುತ್ತದೆ. ನಿಲ್ದಾಣದಲ್ಲಿ ಸ್ಟ್ಯಾಂಡ್ ಕೊರತೆ ಇದ್ದಾಗ ವಿಮಾನವನ್ನು ಹಿಂದೆ ತಳ್ಳಿಸಿ ರನ್‌ವೇ ಹತ್ತಿರ ಕಾಯಿಸುತ್ತಾರಲ್ಲ, ಅಲ್ಲಿ ನಿಂತವರು ಇದನ್ನು ಹಾಕಿ ಎಂದು ತಾವಾಗಿಯೇ ಕೇಳಬೇಕು.

ಸುಧಾರಿತ ಸ್ಲಾಟ್ ತಾನಾಗಿಯೇ ಬರುವ ವ್ಯವಸ್ಥೆಯೂ ಇದೆ. ವಿಮಾನ ಏನೂ ಹೇಳದಿದ್ದರೆ "ಸುಧಾರಣೆಗೆ ಸಿದ್ಧ" ಎಂದೇ ಲೆಕ್ಕ. ಒಳ್ಳೆಯ ಜಾಗ ಕಂಡ ಕೂಡಲೇ ಎಸ್‌ಆರ್‌ಎಂ ಎಂಬ ಪರಿಷ್ಕರಣ ಸಂದೇಶ ಬಂದು ಸಮಯ ಬದಲಾಗಿಬಿಡುತ್ತದೆ, ಒಪ್ಪಿಗೆ ಕೇಳುವುದಿಲ್ಲ. ದಿಢೀರನೆ ಹೊರಡಲು ಆಗದ ಕಂಪನಿ ಮುಂಚೆಯೇ "ನೇರ ಬದಲಾವಣೆ ಬೇಡ, ಪ್ರಸ್ತಾಪ ಕಳಿಸಿ" ಎಂದು ತಿಳಿಸಬೇಕು. ಆಗ ಬರುವ ಪ್ರಸ್ತಾಪದಲ್ಲಿ ಇಷ್ಟು ಹೊತ್ತಿನೊಳಗೆ ಉತ್ತರಿಸಿ ಎಂಬ ಗಡುವಿರುತ್ತದೆ. ಉತ್ತರಿಸದಿದ್ದರೆ ಅದು ಹೋಯಿತು, ಹಳೆಯದು ಉಳಿಯಿತು. ಇದು ಸೊಗಸಾದ ಏರ್ಪಾಡು. ಬಳಸುವುದು ಕಂಪನಿಯ ಕಾರ್ಯಾಚರಣೆ ಕೊಠಡಿ ಚುರುಕಾಗಿದ್ದಾಗ ಮಾತ್ರ.

ನಾವು 4 ಅಂಕಕ್ಕೆ ಇಳಿಸಲು ಕಾರಣ ಇಲ್ಲಿದೆ. ಪರಿಷ್ಕರಣ ಸಂದೇಶ ಟವರಿನ ಪರದೆಗೆ ನೇರವಾಗಿ ಬರುತ್ತದೆ. ಕಾಕ್‌ಪಿಟ್ಟಿಗೆ ಬರುವುದು ಕಂಪನಿಯ ಕಾರ್ಯಾಚರಣೆ ಕೊಠಡಿ, ಅಲ್ಲಿಂದ ನಿಲ್ದಾಣದಲ್ಲಿ ಕಂಪನಿಯ ನೆಲದ ಕೆಲಸ ನೋಡುವ ಹ್ಯಾಂಡ್ಲಿಂಗ್ ಏಜೆಂಟ್, ಅವರಿಂದ ಏಣಿ ಹತ್ತಿ ಬರುವ ಒಂದು ಚೀಟಿ, ಇಲ್ಲವೇ ಡೇಟಾಲಿಂಕ್ ಮೂಲಕ. ಹತ್ತು ನಿಮಿಷದಲ್ಲಿ ಮೂರು ಸಲ ಸಮಯ ಬದಲಾದ ದಿನ ಪೈಲಟ್ ಕೈಯಲ್ಲಿರುವುದು ಮೊದಲನೆಯದು, ಟವರಿನ ಪರದೆಯಲ್ಲಿರುವುದು ಮೂರನೆಯದು. ಇಬ್ಬರೂ "ನಮ್ಮ ಸ್ಲಾಟ್" ಎಂದೇ ಮಾತಾಡುತ್ತಾರೆ, ಯಾರೂ ಅಂಕಿ ಹೇಳುವುದಿಲ್ಲ. ಮದ್ದು ಒಂದೇ: ಮೊದಲ ಕರೆಯಲ್ಲೇ ಅಂಕಿ ಹೇಳಬೇಕು. "ಸ್ಲಾಟ್ ಒನ್ ಝೀರೊ ತ್ರೀ ಝೀರೊ" ಎಂದು ಪೈಲಟ್ ಹೇಳಿದರೆ, ಟವರ್ "ರಿವೈಸ್ಡ್ ಸ್ಲಾಟ್ ಒನ್ ಝೀರೊ ಒನ್ ಟೂ" ಎಂದು ತಿದ್ದುತ್ತದೆ, ಪೈಲಟ್ ಮರುಓದುತ್ತಾನೆ. ಎಂಟು ಸೆಕೆಂಡಿನ ಕೆಲಸ.

ಯುರೋಪಿನ ರೇಡಿಯೊ ಕ್ರಮದಲ್ಲಿ ಇದಕ್ಕೆಂದೇ ಕಟ್ಟಿಟ್ಟ ವಾಕ್ಯಗಳಿವೆ. "ಸ್ಲಾಟ್ ಕ್ಯಾನ್ಸಲ್ಡ್, ರಿಪೋರ್ಟ್ ರೆಡಿ" ಎಂಬುದು ಒಳ್ಳೆಯ ಸುದ್ದಿ: ತಡೆ ಹೋಯಿತು, ಸಿದ್ಧವಾದಾಗ ಹೇಳಿ. ಇದನ್ನು ಕೇಳಿದ ಹೊಸ ಪೈಲಟ್‌ಗೆ ಸ್ಲಾಟ್ ಕಳೆದುಹೋಯಿತು ಎನ್ನಿಸುವುದು ಸಹಜ. ವಾಕ್ಯ ಬರೆದವರು ಇನ್ನೊಂದು ಪದ ಆರಿಸಬಹುದಿತ್ತು. ನಿಜಕ್ಕೂ ಕೆಟ್ಟ ಸುದ್ದಿ "ಫ್ಲೈಟ್ ಸಸ್ಪೆಂಡೆಡ್ ಅಂಟಿಲ್ ಫರ್ದರ್ ನೋಟಿಸ್", ಅಥವಾ "ಅನೇಬಲ್ ಟು ಅಪ್ರೂವ್ ಸ್ಟಾರ್ಟ್‌ಅಪ್ ಕ್ಲಿಯರೆನ್ಸ್ ಡ್ಯೂ ಸ್ಲಾಟ್ ಎಕ್ಸ್‌ಪೈರ್ಡ್, ರಿಕ್ವೆಸ್ಟ್ ಎ ನ್ಯೂ ಸ್ಲಾಟ್". ಈ ಎರಡನೆಯದರ ಕೊನೆಯಲ್ಲಿ ಹೊಸ ಸ್ಲಾಟ್ ಕೇಳಿ ಎಂದಿದೆಯಲ್ಲ, ಯಾರನ್ನು ಕೇಳಬೇಕು ಎಂದು ಅದು ಹೇಳುವುದಿಲ್ಲ. ಪೈಲಟ್ ಟವರನ್ನೇ ಕೇಳುತ್ತಾನೆ. ಟವರ್ ಅಂದುಕೊಂಡಿರುವುದು ಪೈಲಟ್ ತನ್ನ ಕಂಪನಿಗೆ ಹೇಳುತ್ತಾನೆ, ಅವರು ಹೊಸ ಇಒಬಿಟಿ ಹಾಕಿ ವಿಳಂಬ ಸಂದೇಶ ಕಳಿಸುತ್ತಾರೆ ಎಂದು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕಾಲು ಗಂಟೆ ಕಳೆಯುತ್ತದೆ. ಸರಿಯಾದ ಕ್ರಮ ಹೀಗಿದೆ: ಹೊರಡುವ ಹೊಸ ಸಮಯ ಗೊತ್ತಿದ್ದರೆ ಕಂಪನಿ ವಿಳಂಬ ಸಂದೇಶ ಕಳಿಸಬೇಕು. ಗೊತ್ತಿಲ್ಲದಿದ್ದರೆ, ಉದಾಹರಣೆಗೆ ಬ್ರೇಕ್ ದುರಸ್ತಿ ನಡೆಯುತ್ತಿದ್ದರೆ, ಸ್ಲಾಟ್ ತಪ್ಪಿತು ಎಂಬ ಎಸ್‌ಎಂಎಂ ಸಂದೇಶ ಕಳಿಸಬೇಕು. ಪ್ಲಾನ್ ಅಮಾನತಾಗುತ್ತದೆ, ದುರಸ್ತಿ ಮುಗಿದ ಮೇಲೆ ಹೊಸ ಸಮಯ ಹಾಕಿದರೆ ಮತ್ತೆ ಜೀವ ಬರುತ್ತದೆ. ಅಮಾನತು ಶಿಕ್ಷೆಯಲ್ಲ. ಆ ಜಾಗ ಬೇರೆಯವರಿಗೆ ಸಿಗಲಿ ಎಂಬ ವ್ಯವಸ್ಥೆ.

ವಿಳಂಬ ಸಂದೇಶದ ಮಿತಿಯನ್ನೂ ಹೇಳಿಬಿಡಬೇಕು. ಇಒಬಿಟಿಗಿಂತ 15 ನಿಮಿಷಕ್ಕೂ ಹೆಚ್ಚು ತಡವಾಗುವುದಾದರೆ ಅದು ಕಡ್ಡಾಯ. ಸ್ಲಾಟ್ ತಡ ಇದೆ ಎಂಬ ಕಾರಣಕ್ಕೆ ಮಾತ್ರ ಇಒಬಿಟಿ ಮುಂದೂಡಬಾರದು, ಹೊಸಬರು ಮಾಡುವ ಅತಿ ದುಬಾರಿ ತಪ್ಪು ಅದು. 0945ಕ್ಕೆ ಸಿದ್ಧವಿರುವ ವಿಮಾನದ ಸಿಟಾಟ್ 1030 ಎಂದು ಕಂಡು, ಅಚ್ಚುಕಟ್ಟಾಗಿರಲಿ ಎಂದು ಇಒಬಿಟಿಯನ್ನು 1010ಕ್ಕೆ ತಳ್ಳಿದರೆ, ಸಾಲಿನಲ್ಲಿ ನಿಮ್ಮ ಜಾಗವೇ ಹಿಂದಕ್ಕೆ ಹೋಗಬಹುದು, ಮುಂಚಿನ ಖಾಲಿ ಜಾಗಗಳ ಅವಕಾಶವೂ ಮುಚ್ಚುತ್ತದೆ. ಇಒಬಿಟಿಯನ್ನು ಮುಂಚಿನ ಸಮಯಕ್ಕೆ ತರುವ ಸಂದೇಶ ಇಲ್ಲವೇ ಇಲ್ಲ. ಪ್ಲಾನ್ ರದ್ದು ಮಾಡಿ ಹೊಸದಾಗಿ ಸಲ್ಲಿಸಬೇಕು, ಅಂದರೆ ಸಾಲಿನ ಕೊನೆಗೆ.

ಮ್ಯೂನಿಕ್ 2007ರಲ್ಲಿ ಆರಂಭಿಸಿ, ಆಮೇಲೆ ಯುರೋಪಿನ ಹಲವು ದೊಡ್ಡ ನಿಲ್ದಾಣಗಳು ಒಪ್ಪಿಕೊಂಡ, ನಿಲ್ದಾಣ, ಕಂಪನಿ, ಟವರ್ ಒಂದೇ ಮಾಹಿತಿ ಹಂಚಿಕೊಳ್ಳುವ ಎ-ಸಿಡಿಎಂ ಪದ್ಧತಿ ಈ ಗೋಜಲನ್ನು ಬಹಳ ಮಟ್ಟಿಗೆ ಬಿಡಿಸಿತು. ಇಲ್ಲಿ ಸಿದ್ಧವಾಗುವ ಗುರಿಸಮಯ ಟಿಒಬಿಟಿ, ಅದನ್ನು ಹಾಕುವುದು ಕಂಪನಿ ಅಥವಾ ಹ್ಯಾಂಡ್ಲಿಂಗ್ ಏಜೆಂಟ್. ಸ್ಟಾರ್ಟ್‌ಅಪ್ ಸಿಗುವ ಸಮಯ ಟಿಎಸ್ಎಟಿ, ಅದನ್ನು ಲೆಕ್ಕ ಹಾಕುವುದು ವ್ಯವಸ್ಥೆ, ಸಿಟಾಟ್ ಇದ್ದರೆ ಅದನ್ನೂ ಗಣನೆಗೆ ತೆಗೆದುಕೊಂಡು. ಎರಡಕ್ಕೂ ಸಾಮಾನ್ಯವಾಗಿ ಹಿಂದೆಮುಂದೆ 5 ನಿಮಿಷದ ಅವಕಾಶ. ಸ್ಟ್ಯಾಂಡಿನ ಎದುರಿನ ಫಲಕದಲ್ಲಿ ಈ ಸಮಯಗಳು ಮೂಡುವ ಕಡೆ ಪೈಲಟ್ ಮತ್ತು ಟವರ್ ಒಂದೇ ಅಂಕಿ ನೋಡುತ್ತಾರೆ, ವಾದ ಅಲ್ಲಿಗೇ ನಿಲ್ಲುತ್ತದೆ. ಹೊಸ ತಪ್ಪುಗಳೂ ಹುಟ್ಟಿವೆ. ಟಿಒಬಿಟಿ ದಾಟಿದ್ದನ್ನು ಯಾರೂ ನವೀಕರಿಸದೆ ಬಿಟ್ಟರೆ ಟಿಎಸ್ಎಟಿ ಬಿದ್ದುಹೋಗುತ್ತದೆ. ಟವರ್ ಹೊಸದು ಹಾಕುತ್ತದೆ ಎಂದು ಪೈಲಟ್, ಏಜೆಂಟ್ ಹಾಕುತ್ತಾನೆ ಎಂದು ಟವರ್. ಹಾಕಬೇಕಾದದ್ದು ಏಜೆಂಟ್, ಹೇಳಬೇಕಾದದ್ದು ಕ್ಯಾಪ್ಟನ್. ಚಳಿಗಾಲದಲ್ಲಿ ಇನ್ನೊಂದು: ಹಿಮ ತೆಗೆಸುವುದಿದ್ದರೆ ಅದನ್ನು ಬೇರೆಯಾಗಿ, ಬೇಗ ಕೇಳಬೇಕು. ರನ್‌ವೇ ಪಕ್ಕದ ಜಾಗದಲ್ಲಿ ಹಿಮ ತೆಗೆಯುವ ಮ್ಯೂನಿಕ್‌ನಂಥ ಕಡೆ ಆ ನಿಮಿಷಗಳು ಟ್ಯಾಕ್ಸಿ ಸಮಯಕ್ಕೆ ಸೇರುತ್ತವೆ. ಕೊನೆ ಗಳಿಗೆಯಲ್ಲಿ ಕೇಳಿದರೆ ಸಿಟಾಟ್‌ನ ಲೆಕ್ಕವೆಲ್ಲ ಬುಡಮೇಲು.

ಸಮಯ ಹೇಳುವ ರೀತಿ ಸಣ್ಣ ವಿಷಯ ಎನ್ನಿಸಬಹುದು. ರೇಡಿಯೊದಲ್ಲಿ ನಿಮಿಷ ಮಾತ್ರ ಹೇಳುವುದು ರೂಢಿ, ಗೊಂದಲ ಸಾಧ್ಯವಿದ್ದರೆ ಗಂಟೆಯನ್ನೂ ಹೇಳಬೇಕು. "ಸ್ಲಾಟ್ ಝೀರೊ ಫೈವ್" ಎಂದರೆ 1005 ಇರಬಹುದು, 1105ಕ್ಕೆ ಪರಿಷ್ಕೃತವಾಗಿರಲೂಬಹುದು. ಸ್ಲಾಟ್‌ನಲ್ಲಿ ಒಂದು ಗಂಟೆ ತಡ ಎಂಬುದು ಅಪರೂಪವಲ್ಲ, ಹಾಗಾಗಿ ಇಲ್ಲಿ ನಾಲ್ಕೂ ಅಂಕಿ ಹೇಳುವುದೇ ಸರಿ. ಎಲ್ಲವೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಬೇಸಿಗೆಯಲ್ಲಿ ಮಧ್ಯ ಯುರೋಪಿನ ಗಡಿಯಾರ ಅದಕ್ಕಿಂತ 2 ಗಂಟೆ ಮುಂದಿರುತ್ತದೆ, ಏಜೆಂಟ್ ಚೀಟಿಯಲ್ಲಿ ಸ್ಥಳೀಯ ಸಮಯ ಬರೆದರೆ ಕಥೆ ಮುಗಿಯಿತು. ಸ್ಲಾಟ್ ಬಗ್ಗೆ ಮಾತಾಡುವಾಗ "ಟೇಕಾಫ್" ಪದವನ್ನೂ ಬಳಸಬಾರದು, "ಡಿಪಾರ್ಚರ್" ಎನ್ನಬೇಕು. 1977ರ ಮಾರ್ಚ್ 27ರಂದು ಟೆನೆರಿಫೆಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ನಾವೀಗ ಟೇಕಾಫ್‌ನಲ್ಲಿದ್ದೇವೆ ಎಂಬ ಅರ್ಥದ ಮಾತನ್ನು ಟವರ್ ಬೇರೆಯಾಗಿ ಗ್ರಹಿಸಿತ್ತು, ಕೆಲಸದ ಅವಧಿ ಮುಗಿಯುವ ಒತ್ತಡವೂ ಸಿಬ್ಬಂದಿಯ ಮೇಲಿತ್ತು. ಆಮೇಲೆ ಬಂದ ಕ್ರಮದಲ್ಲಿ ಟೇಕಾಫ್ ಪದ ಟೇಕಾಫ್ ಅನುಮತಿ ಕೊಡಲು, ಇಲ್ಲವೇ ಹಿಂಪಡೆಯಲು ಮಾತ್ರ ಮೀಸಲು. ಸ್ಲಾಟ್ ಮುಗಿಯುತ್ತಿದೆ ಎಂಬ ಅವಸರದಲ್ಲಿ ಈ ಶಿಸ್ತು ಸಡಿಲಗೊಳ್ಳುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಳೆದುಹೋದ ಸ್ಲಾಟ್ ಮತ್ತೆ ಸಿಗುತ್ತದೆ.

ಸೇವೆಯ ಭರವಸೆ ಹೇಗಿದೆ? ಬಹುಮಟ್ಟಿಗೆ ಗಟ್ಟಿ. 2018ರ ಏಪ್ರಿಲ್ 3ರಂದು ಇದರ ಹೃದಯವಾದ, ಸಂಚಾರದ ಹರಿವು ಲೆಕ್ಕ ಹಾಕುವ ಇಟಿಎಫ್‌ಎಂಎಸ್ ಗಣಕ ವ್ಯವಸ್ಥೆ ಕೈಕೊಟ್ಟಿತು. ಆ ದಿನ ನಿರೀಕ್ಷಿತ 29,500 ಹಾರಾಟಗಳಲ್ಲಿ ಸುಮಾರು ಅರ್ಧಕ್ಕೆ ತಡವಾಗಬಹುದು ಎಂದು ಯೂರೋಕಂಟ್ರೋಲ್ ಪ್ರಕಟಿಸಿತು. ಆಪತ್ಕಾಲದ ಯೋಜನೆಯಂತೆ ಸಾಮರ್ಥ್ಯ ತಗ್ಗಿಸಿ ವಿಮಾನಗಳನ್ನು ಬಿಡಲಾಯಿತು, ಸಲ್ಲಿಸಿದ್ದ ಫ್ಲೈಟ್ ಪ್ಲಾನ್‌ಗಳನ್ನು ಕಂಪನಿಗಳು ಮತ್ತೆ ಸಲ್ಲಿಸಬೇಕಾಯಿತು, ಅಂದೇ ಸಂಜೆ ವ್ಯವಸ್ಥೆ ಮರಳಿತು. ಒಂದೇ ಕೇಂದ್ರ ಎಂಬುದರ ಬಲ ಯಾವುದೋ ದೌರ್ಬಲ್ಯವೂ ಅದೇ.

ಹೋಲಿಕೆಗೆ ಏಷ್ಯಾದ ಒಂದು ಉದಾಹರಣೆ ಹೇಳಬೇಕು. ರಾತ್ರಿ ಹೊತ್ತು ಕಾಬೂಲ್ ಆಕಾಶದ ಮೂಲಕ ಪಶ್ಚಿಮಕ್ಕೆ ಹೋಗುತ್ತಿದ್ದ ವಿಮಾನಗಳಿಗೆ ಜಾಗ ಹಂಚಲು ಬ್ಯಾಂಕಾಕ್‌ನಿಂದ ನಡೆಸಿದ ಬಾಬ್‌ಕ್ಯಾಟ್ ಎಂಬ ವ್ಯವಸ್ಥೆ 2006ರಲ್ಲಿ ಪ್ರಯೋಗವಾಗಿ ಶುರುವಾಯಿತು. ಯುರೋಪಿನಷ್ಟು ದೊಡ್ಡ ಯಂತ್ರವಲ್ಲ ಅದು. ಆದರೆ ಅಲ್ಲಿ ಕೊಟ್ಟ ಸಮಯದ ಹೆಸರು "ಅಲೊಕೇಟೆಡ್ ವೀಲ್ಸ್ ಅಪ್ ಟೈಮ್", ಅಂದರೆ ಚಕ್ರ ಮೇಲೇಳುವ ಸಮಯ. ಅದನ್ನು ಪುಷ್‌ಬ್ಯಾಕ್ ಎಂದು ಯಾರಾದರೂ ತಪ್ಪಾಗಿ ಓದಲು ಸಾಧ್ಯವೇ? ಹೆಸರಿಡುವುದರಲ್ಲಿ ಯುರೋಪ್ ಇದರಿಂದ ಕಲಿಯಬೇಕಿತ್ತು. ನಮ್ಮಲ್ಲೂ ಏರ್‌ಪೋರ್ಟ್ಸ್ ಅಥಾರಿಟಿ ದಿಲ್ಲಿಯಿಂದ ಕೇಂದ್ರೀಕೃತವಾಗಿ ಇಂಥದ್ದೇ ಸೇವೆ ನಡೆಸುತ್ತದೆ. ಮುಂಬೈಯಲ್ಲೋ ದಿಲ್ಲಿಯಲ್ಲೋ ಇಳಿಸುವ ಸಾಮರ್ಥ್ಯ ಕುಗ್ಗಿದಾಗ ಬೆಂಗಳೂರಿನ ಸ್ಟ್ಯಾಂಡಿನಲ್ಲಿ ನಿಂತ ವಿಮಾನಕ್ಕೆ ಸಿಟಾಟ್ ಬರುತ್ತದೆ. ಹೆಸರು ಯುರೋಪಿನದ್ದೇ, ಹಾಗಾಗಿ ರೆಡಿ ಎಂದರೇನು, ಸಮಯ ಯಾವುದರದ್ದು ಎಂಬ ಪ್ರಶ್ನೆಗಳೂ ಅವೇ.

ಕನ್ನಡಿಗ ಪ್ರಯಾಣಿಕರಿಗೆ ನೇರವಾಗಿ ತಟ್ಟುವ ಭಾಗ ಒಂದಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೋ ಮ್ಯೂನಿಕ್‌ಗೋ ಹೋಗುವ ವಿಮಾನಕ್ಕೆ ಯುರೋಪಿನ ಸ್ಲಾಟ್ ಬೀಳುವುದಿಲ್ಲ, ದೂರದಿಂದ ಬರುವ ಹಾರಾಟಗಳಿಗೆ ವಿನಾಯಿತಿ ಇದೆ. ಅಲ್ಲಿ ಇಳಿದು ಹಿಡಿಯುವ ಪ್ರಾಗ್ ಅಥವಾ ಬಾರ್ಸಿಲೋನಾ ವಿಮಾನಕ್ಕೆ ಬೀಳುತ್ತದೆ, ಅಲ್ಲಿಂದ ಬೆಂಗಳೂರಿಗೆ ಮರಳುವ ವಿಮಾನಕ್ಕೂ ಬೀಳಬಹುದು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಮರಳುವ ಪಯಣದ ಸಂಪರ್ಕ ವಿಮಾನಕ್ಕೆ ಹೆಚ್ಚು ಬಿಡುವು ಇಟ್ಟುಕೊಳ್ಳಿ. ಫ್ರಾಂಕ್‌ಫರ್ಟಿನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ಹಾರಾಟಕ್ಕೆ ನಿಷೇಧವಿದೆ, ಸಂಜೆಯ ಸ್ಲಾಟ್ ಜಾರುತ್ತ ಹೋದರೆ ಆ ಗೋಡೆಗೆ ಬಡಿಯುತ್ತದೆ. ಪರಿಹಾರದ ವಿಷಯದಲ್ಲೂ ಸ್ಪಷ್ಟವಾಗಿರಿ: ಯುರೋಪಿನ 261ನೇ ನಿಯಮದ ಪೀಠಿಕೆ ಸಂಚಾರ ನಿಯಂತ್ರಣದ ನಿರ್ಧಾರಗಳನ್ನು ಅಸಾಧಾರಣ ಸಂದರ್ಭ ಎಂದು ಹೆಸರಿಸುತ್ತದೆ, ಹಾಗಾಗಿ ನಗದು ಪರಿಹಾರ ಸಿಗದಿರಬಹುದು. ಕಾಯುವಾಗಿನ ಊಟ, ವಸತಿಯ ಹಕ್ಕು ಮಾತ್ರ ಹಾಗೇ ಇರುತ್ತದೆ.

ಇನ್ನು ಕ್ಯಾಪ್ಟನ್ 40 ನಿಮಿಷ ಬಾಕಿ ಇದೆ ಎಂದರೂ ಬಾಗಿಲು ಹಾಕಿಸಿ ಎಲ್ಲರನ್ನೂ ಕೂರಿಸುವುದು ಯಾಕೆ ಎಂಬುದಕ್ಕೆ ಬರೋಣ. ಬಾಗಿಲು ತೆರೆದಿದ್ದರೆ ರೆಡಿ ಸಂದೇಶ ಹೋಗುವುದಿಲ್ಲ. ಸಂದೇಶ ಹೋಗಿದ್ದಾಗ ಇನ್ನೊಂದು ವಿಮಾನ ಬಿಟ್ಟುಕೊಟ್ಟ ಜಾಗ ಯಾವ ಕ್ಷಣದಲ್ಲಾದರೂ ಬರಬಹುದು, ಬಂದರೆ ಹೊರಡಲು ಉಳಿಯುವುದು ನಾಲ್ಕೈದು ನಿಮಿಷ. ಆಗ ಯಾರೋ ಒಬ್ಬರು ಎದ್ದು ಮೇಲಿನ ಗೂಡಿನಿಂದ ಚೀಲ ಇಳಿಸುತ್ತಿದ್ದರೆ ವಿಮಾನ ಹಿಂದೆ ಸರಿಯುವಂತಿಲ್ಲ, ಆ ಜಾಗ ಪಕ್ಕದ ಸ್ಟ್ಯಾಂಡಿನವರಿಗೆ ಹೋಗುತ್ತದೆ.